ಬರದ ವರ್ಷಗಳಲ್ಲಿ ಹತ್ತು ಜನರ ಮನೆ ನಡೆಸಿದ ಬಗೆ

ಬರ ಬಿದ್ದ ವರ್ಷಗಳಲ್ಲಿ ಅಷ್ಟು ದೊಡ್ಡ ಮನೆಯನ್ನು ಹೇಗೆ ನಡೆಸಿದಿರಿ ಎಂದು ನಮ್ಮ ಓಣಿಯ ಸೊಸೆಯಂದಿರು ಈಗಲೂ ಕೇಳುತ್ತಾರೆ. ಖರ್ಚು ಕಡಿಮೆ ಮಾಡಿ ಎಂದು ಯಾರು ಬೇಕಾದರೂ ಹೇಳಿಯಾರು. ಕೈಯಲ್ಲಿ ರೊಕ್ಕವೇ ಇಲ್ಲದಾಗ ಖರ್ಚು ತಾನಾಗಿಯೇ ಕಡಿಮೆಯಾಗುತ್ತದೆ, ಅದಕ್ಕೆ ಜಾಣತನ ಬೇಕಿಲ್ಲ. ನಾನು ಮಾಡಿದ ಮೊದಲ ಕೆಲಸ ಬೇರೆ. ಎಷ್ಟೇ ಬಿಗಿ ಬಂದರೂ ಯಾವುದಕ್ಕೆ ಕೈ ಹಚ್ಚಬಾರದು ಎಂದು ಮುಂಚೆಯೇ ಗಟ್ಟಿ ಮಾಡಿಕೊಂಡೆ. ಬೀಜದ ಜೋಳ, ಎಮ್ಮೆ, ಮಕ್ಕಳ ಸಾಲಿ. ಈ ಮೂರು ಉಳಿದರೆ ಬಾಕಿಯದೆಲ್ಲ ಹೋದರೂ ಮತ್ತೆ ಗಳಿಸಬಹುದು ಎಂದು ನನಗೆ ಖಾತ್ರಿ ಇತ್ತು.

ನಮ್ಮದು ವಿಜಯಪುರ ಜಿಲ್ಲೆಯ ಡೋಣಿ ನದಿಯ ಸಾಲಿನ ಊರು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುತ್ತಾರೆ. ಎರೆಭೂಮಿ, ನೀರಾವರಿ ಇಲ್ಲ. ಹಿಂಗಾರಿ ಮಳೆ ಬಂದರೆ ಬಿಳಿಜೋಳ, ಕಡಲೆ, ಕುಸುಬಿ. ಬಾರದಿದ್ದರೆ ಏನೂ ಇಲ್ಲ. 2001ರಿಂದ ಮೂರು ವರ್ಷ ಬೆನ್ನಿಗೆ ಬೆನ್ನು ಹಚ್ಚಿ ಬರ ಬಂತು. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಮೈದುನ, ಐದು ಮಕ್ಕಳು. ಯಜಮಾನರಿಗೆ ಸೊಂಟಕ್ಕೆ ಪೆಟ್ಟಾಗಿತ್ತು, ಭಾರ ಎತ್ತುವಂತಿರಲಿಲ್ಲ. ಮೈದುನ ಗೋವೆಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಂತ. ಅವನು ಕಳಿಸುತ್ತಿದ್ದ ರೊಕ್ಕ ಮಾವನವರ ಔಷಧಕ್ಕೂ ಹಳೆಯ ಸಾಲದ ಬಡ್ಡಿಗೂ ಸರಿಹೋಗುತ್ತಿತ್ತು.

ಬೀಜದ ವಿಷಯ ಅತ್ತೆಯವರು ಕಲಿಸಿದ್ದು. ಎಕರೆಗೆ ಮೂರು ಕೆಜಿಯಂತೆ ನಮ್ಮ ಎಂಟು ಎಕರೆಗೆ ಇಪ್ಪತ್ತನಾಲ್ಕು ಕೆಜಿ ಜೋಳ ಬೇಕು. ಅದನ್ನು ಬೂದಿ ಮತ್ತು ಬೇವಿನ ಸೊಪ್ಪಿನೊಂದಿಗೆ ಗಡಿಗೆಗೆ ತುಂಬಿ ಬಾಯಿಗೆ ಮಣ್ಣು ಮೆತ್ತಿ ಇಟ್ಟಿದ್ದೆವು. ಹತ್ತು ಜನರಿಗೆ ಅದು ಹತ್ತು ದಿನದ ಊಟವೂ ಅಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ಮಾವನವರೇ ಒಮ್ಮೆ, ಬೀಸಿಕೊಂಡು ಬಾ, ಮುಂದಿನದು ಮುಂದೆ ನೋಡೋಣ ಎಂದರು. ಅತ್ತೆ ಅಡ್ಡ ಬಂದರು: "ಬೀಜದ ಜ್ವಾಳಕ್ಕ ಕೈ ಹಚ್ಚಬ್ಯಾಡ ಯವ್ವಾ. ಹೊಟ್ಟಿ ಒಂದ ದಿನ ತಡದೀತು, ಹಸಿ ಆದ ಹೊಲ ತಡಿಯೂದಿಲ್ಲ." ಅದು ಬರೀ ಭಾವನೆಯ ಮಾತಲ್ಲ. ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಬಿತ್ತುವುದಕ್ಕೆ ಸಿಗುವ ಅವಧಿ ಸಣ್ಣದು. ಆಗ ಬೀಜಕ್ಕಾಗಿ ಸಾಲ ಹುಡುಕುತ್ತಾ ತಿರುಗಿದರೆ ಹಸಿ ಆರಿಹೋಗುತ್ತದೆ.

ಎಮ್ಮೆಯ ಲೆಕ್ಕ ನನ್ನದು. ಬರದಲ್ಲಿ ಎಲ್ಲರೂ ದನ ಮಾರುತ್ತಾರೆ, ಸಂತೆಯಲ್ಲಿ ಬೆಲೆ ಬೀಳುತ್ತದೆ. ಮಳೆಯಾದ ಮೇಲೆ ಎಲ್ಲರೂ ಕೊಳ್ಳಲು ಹೋಗುತ್ತಾರೆ, ಬೆಲೆ ಏರುತ್ತದೆ. ಹಾಗಾಗಿ ಮಾರಿದವನಿಗೆ ಎರಡೂ ಕಡೆ ನಷ್ಟ. ಅದೂ ಅಲ್ಲದೆ ಎಮ್ಮೆ ಎಂದರೆ ಹಾಲಷ್ಟೇ ಅಲ್ಲ. ಒಲೆಗೆ ಕುಳ್ಳು ಅದರಿಂದ, ಹೊಲಕ್ಕೆ ಗೊಬ್ಬರ ಅದರಿಂದ, ಮನೆಮಂದಿಗೆಲ್ಲ ಮಜ್ಜಿಗೆ ಅದರಿಂದ. ಬೆಳಗಿನ ಹಾಲು ಮಾರಾಟಕ್ಕೆ, ಸಂಜೆಯ ಹಾಲು ಹೆಪ್ಪಿಗೆ ಎಂದು ಪಾಲು ಮಾಡಿದ್ದೆ. ಕಣಕಿ, ಅಂದರೆ ಜೋಳದ ಒಣ ದಂಟು, ತೀರುತ್ತಾ ಬಂದಾಗ ದಿನಾ ಇಷ್ಟೇ ಸಿವುಡು ಎಂದು ಎಣಿಸಿ ಹಾಕಿ, ಹೊಲದ ಬದುವಿನ ಹುಲ್ಲನ್ನೂ ಕೆರೆದು ತಂದೆವು. ಸೊಂಟ ನೋವಿನಲ್ಲೂ ಯಜಮಾನರು ಆ ಕೆಲಸ ಬಿಡಲಿಲ್ಲ.

ಸಾಲಿಯ ವಿಷಯದಲ್ಲಿ ಮಾತ್ರ ಮನೆಯವರೊಂದಿಗೇ ಜಗ್ಗಾಡಬೇಕಾಯಿತು. ದೊಡ್ಡ ಮಗಳು ಏಳನೇ ಇಯತ್ತೆ. ಬಿಡಿಸಿ ಕೂಲಿಗೆ ಹಚ್ಚು, ಇಲ್ಲವೇ ಲಗ್ನ ಮಾಡಿ ಒಂದು ಬಾಯಿ ಕಡಿಮೆ ಮಾಡಿಕೋ ಎಂದು ಬೀಗರು ಬಂದಾಗಲೆಲ್ಲ ಹೇಳುತ್ತಿದ್ದರು. ಆ ಮಾತು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಮಗಳನ್ನು ಬಾಯಿ ಎಂದು ಎಣಿಸುವ ಲೆಕ್ಕ ನಮ್ಮ ಮನೆಯಲ್ಲಿ ನಡೆಯುವುದಿಲ್ಲ ಎಂದು ಎದುರಿಗೇ ಹೇಳಿದೆ. ದೇವರು ಕೊಟ್ಟಂತೆ 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮೊದಲಿಗೆ ಬಂದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಐದನೇ ಇಯತ್ತೆಯವರೆಗಿನ ಮಕ್ಕಳಿಗೆ ಮಧ್ಯಾಹ್ನ ಬಿಸಿ ಅನ್ನ, ಸಾರು. ನನ್ನ ಸಣ್ಣ ಮೂವರೂ ಅಲ್ಲಿ ಹೊಟ್ಟೆ ತುಂಬ ಉಂಡು ಬರುತ್ತಿದ್ದರು. ಆ ಮೂರು ಊಟ ಮನೆಯಲ್ಲಿ ಉಳಿದದ್ದಕ್ಕೇ ದೊಡ್ಡವರಿಬ್ಬರ ಬುತ್ತಿ ಕಟ್ಟಲು ಆಯಿತು. ಆ ಊಟವನ್ನು ಹಗುರ ಮಾಡಿ ಮಾತಾಡುವವರು ಬರ ಕಂಡವರಲ್ಲ.

ಇನ್ನು ಅಡುಗೆ. ಕೆರೆಯ ಹೂಳು ಎತ್ತುವ ಕಾಮಗಾರಿಗೆ ನಾನು ಹೋಗುತ್ತಿದ್ದೆ. ಸಂಪೂರ್ಣ ಗ್ರಾಮೀಣ ರೋಜಗಾರ ಯೋಜನೆಯಲ್ಲಿ ದಿನದ ಕೂಲಿಗೆ ಐದು ಕೆಜಿ ಕಾಳು, ಉಳಿದದ್ದು ರೊಕ್ಕ ಎಂದು ನಿಯಮವಿತ್ತು. ಕಾಳನ್ನು ಮಾರಿ ರೊಕ್ಕ ಮಾಡಿಕೊಂಡವರೂ ಇದ್ದರು. ನಾನು ಒಂದು ಕಾಳನ್ನೂ ಮಾರಲಿಲ್ಲ. ಬಂದ ಅಕ್ಕಿಯನ್ನು ಒಂದಿಷ್ಟು ಜೋಳಕ್ಕೆ ಕೂಡಿಸಿ ಬೀಸಿಸಿದೆ, ಒಂದಿಷ್ಟನ್ನು ಅನ್ನಕ್ಕೆ ಇಟ್ಟೆ. ಬೆಳಗ್ಗೆ ಜೋಳದ ನುಚ್ಚಿಗೆ ಮಜ್ಜಿಗೆ. ರಾತ್ರಿ ರೊಟ್ಟಿ, ಪುಂಡಿಪಲ್ಯ ಇಲ್ಲವೇ ಜುಣಕ. ಕಾಯಿಪಲ್ಯ ಕೊಂಡದ್ದು ಕಡಿಮೆ. ಮೊದಲು ಬೆಳೆ ಇದ್ದಾಗ ನೆರಳಲ್ಲಿ ಒಣಗಿಸಿಟ್ಟ ಕಡಲೆ ಸೊಪ್ಪು ಎರಡು ಬೇಸಿಗೆ ದಾಟಿಸಿತು. ಬೆಳ್ಳುಳ್ಳಿ ಒಗ್ಗರಣೆ, ಹಸಿಮೆಣಸಿನಕಾಯಿ, ಚೂರು ಹುಣಸೆ ಹಾಕಿ ಬೇಯಿಸಿದರೆ ಮಕ್ಕಳು ಇನ್ನಷ್ಟು ಹಾಕು ಎನ್ನುತ್ತಿದ್ದರು. ಗುರೆಳ್ಳು ಹಿಂಡಿ ಮತ್ತು ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ನಾನು ಬಡವರ ಬದಾಮಿ ಎಂದೇ ತಿಳಿದವಳು. ಬಸುರಿ, ಬಾಣಂತಿ, ಬೆಳೆಯುವ ಮಕ್ಕಳು ಇರುವ ಮನೆಯಲ್ಲಿ ಇವು ತೀರಬಾರದು.

ಮನೆ ನಿಜವಾಗಿ ಎದ್ದು ನಿಂತದ್ದು ರೊಟ್ಟಿಯಿಂದ. ಓಣಿಯ ಹೆಂಗಸರು ಕೂಡಿ ಸ್ತ್ರೀಶಕ್ತಿ ಸಂಘ ಕಟ್ಟಿದ್ದೆವು, ವಾರಕ್ಕೆ ಹತ್ತು ರೂಪಾಯಿ ಉಳಿತಾಯ. ಸರಕಾರದಿಂದ ಸಂಘಕ್ಕೆ ಐದು ಸಾವಿರ ಸುತ್ತುನಿಧಿ ಬಂತು. ಊರಲ್ಲಿ ಸಾಲ ಕೊಡುವವರ ಬಡ್ಡಿ ತಿಂಗಳಿಗೆ ನೂರಕ್ಕೆ ಐದು, ಸಂಘದ್ದು ಎರಡು. ಆ ಎರಡರ ಬಡ್ಡಿಯೂ ಹೊರಗೆ ಹೋಗದೆ ನಮ್ಮ ಸಂಘಕ್ಕೇ ಸೇರುತ್ತಿತ್ತು. ಅಲ್ಲಿ ಸಾಲ ತೆಗೆದು ಒಂದು ಚೀಲ ಜೋಳ ಕೊಂಡೆ. ಶಹರದ ಒಂದು ಖಾನಾವಳಿಗೂ ಕಾಲೇಜು ಹುಡುಗರ ಒಂದು ರೂಮಿಗೂ ಖಡಕ್ ರೊಟ್ಟಿ ಕೊಡುವುದು ಎಂದಾಯಿತು. ಒಂದು ರೊಟ್ಟಿಗೆ ಒಂದು ರೂಪಾಯಿ. ಒಂದು ಕೆಜಿ ಹಿಟ್ಟಿಗೆ ಇಪ್ಪತ್ತರ ಆಸುಪಾಸು ರೊಟ್ಟಿ ಬರುತ್ತವೆ.

ಮನೆಗೆ ಬಡಿಯುವ ರೊಟ್ಟಿ ಬೇರೆ, ಮಾರಾಟದ ರೊಟ್ಟಿ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಕಾದವರಿಗೆ ಉಪಯೋಗವಾಗಲಿ. ಹಿಟ್ಟು ಹಳತಾದರೆ ಜಿಗಿ ಹೋಗಿ ಅಂಚು ಸೀಳುತ್ತದೆ, ಆದ್ದರಿಂದ ಮೂರು ನಾಲ್ಕು ದಿನಕ್ಕೆ ಬೇಕಾದಷ್ಟೇ ಬೀಸಿಸಬೇಕು. ಜೋಳವೇ ಹಳೆಯದಾಗಿದ್ದರೆ ಬೀಸುವಾಗ ಒಂದು ಹಿಡಿ ಉದ್ದಿನಬೇಳೆ ಹಾಕಿದರೆ ಜಿಗಿ ಬರುತ್ತದೆ. ನೀರು ಕುದಿಯುತ್ತಿರುವಾಗಲೇ ಹಿಟ್ಟಿನ ನಡುವೆ ಸುರಿದು, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಬೇಕು. ಎಲ್ಲವನ್ನೂ ಒಮ್ಮೆಗೇ ನಾದಿಟ್ಟರೆ ಕೊನೆಯ ಉಂಡೆಗಳು ಒಡೆಯುತ್ತವೆ. ಬಡಿಯುವಾಗ ನಡುವೆ ದಪ್ಪ ಉಳಿಯದಂತೆ ಅಂಗೈಯನ್ನು ಒಳಗಿನಿಂದ ಅಂಚಿಗೆ ಸರಿಸುತ್ತಾ ಹೋಗಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಿ ಹಾಕಬೇಕು. ಉಬ್ಬಿ ಬೆಂದ ಮೇಲೆ ಒಲೆಯ ಬಾಯಿಗೆ ಆನಿಸಿ ಕೆಂಡದ ಕಾವಿಗೆ ನಿಲ್ಲಿಸಬೇಕು. ಅಲ್ಲಿ ಅವಸರ ಮಾಡಬಾರದು. ಹೊರಗೆ ಗರಿಗರಿ ಕಂಡರೂ ಒಳಗೆ ತೇವ ಇದ್ದರೆ ನಾಲ್ಕೇ ದಿನಕ್ಕೆ ಬೂಸು ಹಿಡಿಯುತ್ತದೆ. ಪೂರಾ ತಣ್ಣಗಾದ ಮೇಲೆಯೇ ಒಂದರ ಮೇಲೊಂದು ಒಟ್ಟಿ ಬಿಳಿ ಅರಿವೆಯಲ್ಲಿ ಕಟ್ಟಬೇಕು. ಹೀಗೆ ಮಾಡಿದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ.

ಕಾಮಗಾರಿಯಿಂದ ಬಂದು ರಾತ್ರಿ ಬಡಿಯುತ್ತಿದ್ದೆ. ಅತ್ತೆ ಒಲೆ ನೋಡಿಕೊಳ್ಳುತ್ತಿದ್ದರು, ದೊಡ್ಡವಳು ಎಣಿಸಿ ಕಟ್ಟುತ್ತಾ ಅಲ್ಲೇ ಪುಸ್ತಕ ಹಿಡಿದು ಕೂರುತ್ತಿದ್ದಳು. ಪೂರ್ತಿ ಒಂದು ವಾರದ ರೊಕ್ಕ ಬಂದ ದಿನ ಅದನ್ನು ಮೂರು ಡಬ್ಬಿಗೆ ಹಾಕಿದೆ: ಜೋಳ ಕೊಳ್ಳಲು ಒಂದು, ಸಂಘದ ಕಂತಿಗೆ ಒಂದು, ಮನೆಗೆ ಒಂದು. ಜೋಳದ ಡಬ್ಬಿಯಿಂದ ಮನೆಗೆ ತೆಗೆಯಲು ಯಾರಿಗೂ ಬಿಡಲಿಲ್ಲ. ಹಬ್ಬಕ್ಕೂ ಇಲ್ಲ. ಆ ವರ್ಷ ನಾಗರಪಂಚಮಿಗೆ ಉಂಡಿ ಕಟ್ಟಿದ್ದು ಮೈದುನ ಗೋವೆಯಿಂದ ತಂದ ಬೆಲ್ಲದಲ್ಲೇ.

ಬಂಗಾರದ ಮಾತನ್ನೂ ಹೇಳಿಬಿಡುತ್ತೇನೆ. ನನ್ನ ಬೋರಮಾಳವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ತೀರಿಸಿದೆ. ತವರಿನ ಒಡವೆ ಎಂದು ಪೆಟ್ಟಿಗೆಯಲ್ಲಿಟ್ಟುಕೊಂಡು ನೂರಕ್ಕೆ ಐದು ಬಡ್ಡಿ ಕಟ್ಟುವುದರಲ್ಲಿ ಅರ್ಥವಿಲ್ಲ. ಮಳೆಯಾಗಿ ಎರಡು ಸುಗ್ಗಿ ಕಂಡ ಮೇಲೆ ಬಿಡಿಸಿಕೊಂಡೆ.

2023ರಲ್ಲಿ ಮತ್ತೆ ಬರ ಬಂತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರಕಾರ ಸಾರಿತು. ಈಗ ಮನೆಯ ವ್ಯವಹಾರ ಸೊಸೆಯ ಕೈಯಲ್ಲಿ. ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ಹೆಂಗಸರಿಗೆ ಬಸ್ಸು ಪುಕ್ಕಟೆ ಆದ್ದರಿಂದ ರೊಟ್ಟಿಯನ್ನು ನಾವೇ ಶಹರಕ್ಕೆ ಒಯ್ದು ಮುಟ್ಟಿಸುತ್ತೇವೆ. ನಿನಗೆ ಮುಟ್ಟಬಾರದ್ದು ಯಾವುದು ಎಂದು ಅವಳನ್ನು ಕೇಳಿದೆ. ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ ಅತ್ತಿ, ಅದರ ಚಿಂತೆ ಬೇಡ ಎಂದಳು. ಅವಳ ಪಟ್ಟಿಯಲ್ಲಿ ಇದ್ದದ್ದು ರೊಟ್ಟಿ ಮಷೀನಿನ ಕಂತು, ಮಕ್ಕಳ ಓದು, ಮೊಬೈಲಿನ ರೀಚಾರ್ಜ್. ಕೊನೆಯದನ್ನು ಕೇಳಿ ಮೊದಲು ನಾನು ಒಪ್ಪಲಿಲ್ಲ. "ಪುಣೆ, ಬೆಂಗಳೂರಿನ ಆರ್ಡರ್ ಎಲ್ಲಾ ವಾಟ್ಸಾಪಿನ್ಯಾಗ ಬರ್ತಾವ್ರಿ ಅತ್ತಿ, ಅದು ಬಂದ್ ಆತಂದ್ರ ಹಂಚು ಆರ್ತದ" ಎಂದು ಲೆಕ್ಕದ ವಹಿ ತಂದು ತೋರಿಸಿದಳು. ನೋಡಿದೆ, ಅವಳು ಹೇಳಿದ್ದು ಖರೆ. ಬೀಜದ ಗಡಿಗೆಯನ್ನು ಮಾತ್ರ ನಾನು ತೆಗೆಯಲು ಬಿಟ್ಟಿಲ್ಲ, ಅವಳೂ ಜಾಸ್ತಿ ವಾದ ಮಾಡಲಿಲ್ಲ.