ಮ್ಯಾನಿಟಾಲೋ, 3% ಸಲೈನೋ?

ತಲೆಬುರುಡೆಯ ಮೂಳೆ ತೆಗೆದ ಕೂಡಲೇ ಸರ್ಜನ್ ಡ್ಯೂರಾವನ್ನು, ಅಂದರೆ ಮೆದುಳಿನ ಹೊದಿಕೆಯನ್ನು, ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಕತ್ತರಿ ಕೇಳುತ್ತಾರೆ. ಬಿಗಿಯಾಗಿದ್ದರೆ, ಅಂದರೆ ಒಳಗೆ ಮೆದುಳು ಊದಿದ್ದರೆ, ಪರದೆಯ ಈಚೆ ನಿಂತ ನನ್ನ ಕಡೆ ನೋಡುತ್ತಾರೆ. ಅನಸ್ತೇಷಿಯಾ ಕೊಡುವವಳು ನಾನು. ಆ ನೋಟ ಬರುವ ಮೊದಲೇ ನನ್ನ ಕೆಲಸ ಆಗಿರಬೇಕು.

ಶುರುವಿನಲ್ಲಿ ನನಗೆ ಕೈಗೆ ಬರುತ್ತಿದ್ದದ್ದು ಮ್ಯಾನಿಟಾಲ್ ಒಂದೇ. ಮೆದುಳಿನ ನೀರನ್ನು ರಕ್ತಕ್ಕೆ ಎಳೆದು ಮೂತ್ರದಲ್ಲಿ ಹೊರಹಾಕುವ ಔಷಧಿ ಅದು. ಚರ್ಮ ಕೊಯ್ಯುವ ಹೊತ್ತಿಗೆ 20% ಬಾಟಲಿ, ತೂಕದ ಕಿಲೋಗೆ ಅರ್ಧದಿಂದ 1 ಗ್ರಾಂ, 15–20 ನಿಮಿಷದಲ್ಲಿ. ಮೂಳೆ ತೆಗೆಯುವಷ್ಟರಲ್ಲಿ ಅದು ಕೆಲಸ ಮಾಡಿರುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಮಾತ್ರ ಎಂದೂ ಬಿಡುವುದಿಲ್ಲ. ತಂಪಿಗೆ ತಳದಲ್ಲಿ ಸೂಜಿಯಂಥ ಹರಳು ಕಟ್ಟಿರುತ್ತದೆ. ಬಿಸಿ ಮಾಡಿ ಪೂರ್ತಿ ಕರಗಿಸಿ, ಫಿಲ್ಟರ್ ಇರುವ ಸೆಟ್‌ನಲ್ಲೇ ಕೊಡಬೇಕು.

ಒಮ್ಮೆ ಮೆದುಳಿನ ಗಡ್ಡೆಯ ರೋಗಿಯೊಬ್ಬರು ಬಂದರು. ದಿನಗಟ್ಟಲೆ ವಾಂತಿ ಮಾಡಿಕೊಂಡಿದ್ದರು. ನಾಲಿಗೆ ಒಣಗಿತ್ತು, ನಾಡಿ ಓಡುತ್ತಿತ್ತು. ನಾನು ರೂಢಿಯಂತೆ ಮ್ಯಾನಿಟಾಲ್ ಹಾಕಿದೆ. ಸ್ವಲ್ಪ ಹೊತ್ತಿಗೇ ಯೂರಿನ್ ಬ್ಯಾಗ್ ತುಂಬಿತು, ಬಿಪಿ ಜಾರಿತು. ಮೆದುಳು ಸಡಿಲವಾಯಿತು ನಿಜ. ಆದರೆ ಬಿಪಿ ಬಿದ್ದರೆ ಅದೇ ಮೆದುಳಿಗೆ ರಕ್ತ ಸಾಲುವುದಿಲ್ಲ, ಅಲ್ವಾ? ಮಾಮೂಲಿ ಸಲೈನ್ ಹರಿಸಿ, ಬಿಪಿ ಏರಿಸುವ ಔಷಧಿ ಕೊಟ್ಟು ಸರಿ ಮಾಡಿದೆ. ಅವರು ಚೆನ್ನಾಗಿ ಎಚ್ಚರವಾದರು. ಅವರ ಒಣ ನಾಲಿಗೆ ನೋಡಿಯೂ ಬಾಟಲಿ ಬದಲಿಸದ್ದು ನನ್ನ ತಪ್ಪು.

ಈಗ ಅಂಥವರಿಗೆ 3% ಸಲೈನ್, ಅಂದರೆ ಮಾಮೂಲಿಗಿಂತ ಗಟ್ಟಿ ಉಪ್ಪುನೀರು, ಕೊಡುತ್ತೇನೆ, ಕಿಲೋಗೆ 3ರಿಂದ 5 ಎಂಎಲ್. ಲೀಟರಿಗೆ 20% ಮ್ಯಾನಿಟಾಲ್‌ನ ಸಾಂದ್ರತೆ ಸುಮಾರು 1,098 ಮಿಲಿಆಸ್ಮೋಲ್ (ನೀರು ಎಳೆಯುವ ಕಣಗಳ ಲೆಕ್ಕ), ಇದರದು 1,027. ನೀರು ಎಳೆಯುವ ಶಕ್ತಿ ಹೆಚ್ಚುಕಮ್ಮಿ ಒಂದೇ. ಆದರೆ ಮೂತ್ರ ಅಷ್ಟು ಜಾಸ್ತಿ ಹೋಗುವುದಿಲ್ಲ, ಬಿಪಿ ನಿಲ್ಲುತ್ತದೆ. ಎರಡೂ ನೀರು ಎಳೆಯುವುದು ಮುಖ್ಯವಾಗಿ ಮೆದುಳಿನ ಚೆನ್ನಾಗಿರುವ ಭಾಗದಿಂದ. ಗಡ್ಡೆಯ ಸುತ್ತ ರಕ್ತನಾಳದ ತಡೆಗೋಡೆ ಸೋರುತ್ತಿರುತ್ತದೆ, ಅಲ್ಲಿ ಎಳೆತ ಕಮ್ಮಿ.

ರಕ್ತದಲ್ಲಿ ಸೋಡಿಯಂ ಬಹಳ ದಿನದಿಂದ ಕಮ್ಮಿ ಇದ್ದವರಿಗೆ ಈ ಉಪ್ಪುನೀರು ಕೊಡುವಾಗ ತುಂಬ ಎಚ್ಚರ ಬೇಕು. ಒಮ್ಮೆಲೇ ಏರಿದರೆ ಮೆದುಳಿನ ನರಗಳ ಹೊದಿಕೆಯೇ ಹಾಳಾಗಬಹುದು. ಹಾಗಾಗಿ ನಡುನಡುವೆ ರಕ್ತ ತೆಗೆದು ಸೋಡಿಯಂ ನೋಡುತ್ತಿರುತ್ತೇನೆ. ಇನ್ನು 5% ಡೆಕ್ಸ್ಟ್ರೋಸ್ ಅನ್ನು ಟ್ರಾಲಿಯಿಂದಲೇ ದೂರ ಇಡಿಸುತ್ತೇನೆ. ಸಕ್ಕರೆ ಖರ್ಚಾದ ಮೇಲೆ ಉಳಿಯುವುದು ಬರೀ ನೀರು, ಅದು ಊದಿದ ಮೆದುಳಿಗೇ ಸೇರುತ್ತದೆ.

ಈಚೆಗೆ ಒಂದು ಕೇಸಿನಲ್ಲಿ ಡ್ಯೂರಾ ಬಿಗಿಯಾಗಿತ್ತು. ಇನ್ನೊಂದು ಬಾಟಲಿ ಹಾಕಲೇ ಎಂದು ಜೂನಿಯರ್ ಕೇಳಿದಳು. ಮೊದಲು ಕುತ್ತಿಗೆ ನೋಡಮ್ಮಾ ಅಂದೆ. ಜಾಸ್ತಿ ತಿರುಗಿ, ತಲೆಯಿಂದ ರಕ್ತ ಕೆಳಗಿಳಿಸುವ ರಕ್ತನಾಳ ಒತ್ತಿಕೊಂಡಿತ್ತು. ತಲೆ ನೇರ ಮಾಡಿ, ಟೇಬಲ್ ತಲೆಯ ಕಡೆ ಸ್ವಲ್ಪ ಎತ್ತಿದೆವು. ಸರ್ಜನ್ ಮತ್ತೆ ಒತ್ತಿ ನೋಡಿ ಕತ್ತರಿ ಕೇಳಿದರು.