ಕ್ಲಾಸ್ ಟೂರ್‌ಗೆ ಚಿತ್ರದುರ್ಗದ ಕೋಟೆ: ಮಕ್ಳಿಗೆ ನಿಜವಾಗ್ಲೂ ಏನಾದ್ರೂ ಕಾಣ್ಬೇಕು ಅಂದ್ರೆ

ನವೆಂಬರ್ ಬಂತು ಅಂದ್ರೆ ಶಾಲೆ ಟೂರ್ ಶುರು, ಆದ್ರೆ ಸುಮಾರು ಬಸ್‌ಗಳು ದುರ್ಗಕ್ಕೆ ಬರೋದೇ ಮಧ್ಯಾಹ್ನ ಊಟದ ಹೊತ್ತಿಗೆ, ಮಕ್ಳು ಒಂದು ಗಂಟೇಲಿ ಓಡೋಡಿ ಹತ್ತಿ ಗ್ರೂಪ್ ಫೋಟೋ ತೆಗೆಸ್ಕೊಂಡು ಇಳೀತಾರೆ. ಅಷ್ಟು ದೊಡ್ಡ ಕೋಟೆಗೆ ಅದು ಅನ್ಯಾಯ. ದಯವಿಟ್ಟು ಬೆಳಗ್ಗೆ ಬಾಗ್ಲು ತೆಗೆಯೋ ಹೊತ್ತಿಗೇ ಅಲ್ಲಿರಿ, ಅರ್ಧ ದಿನ ಪೂರ್ತಿ ಇದಕ್ಕೇ ಇಡಿ. ಎಲ್ಲಾ ಬರೀ ಬಂಡೆ, ನೆರಳು ಕಮ್ಮಿ, ಹನ್ನೆರಡು ಗಂಟೆ ದಾಟಿದ್ರೆ ಕಲ್ಲು ಕಾದು ಮಕ್ಳು ಸುಸ್ತಾಗ್ತಾರೆ.

ಟಿಕೆಟ್ ವಿಷ್ಯ ಸಿಂಪಲ್, ಎಎಸ್ಐ (ಕೇಂದ್ರದ ಪುರಾತತ್ವ ಇಲಾಖೆ) ಸ್ಮಾರಕ ಆಗಿರೋದ್ರಿಂದ 15 ವರ್ಷದೊಳಗಿನವ್ರಿಗೆ ಫ್ರೀ, ಆದ್ರೂ ಶಾಲೆ ಲೆಟರು, ಐಡಿ ಕಾರ್ಡು ಕೈಯಲ್ಲಿರ್ಲಿ. ಹಿಡಿತ ಇರೋ ಶೂ ಹಾಕ್ಸಿ, ಒಬ್ಬೊಬ್ರಿಗೂ ಒಂದೊಂದು ನೀರಿನ ಬಾಟ್ಲು. ತಿಂಡಿ ಪೊಟ್ಟಣ ಮಾತ್ರ ಬಸ್ಸಲ್ಲೇ ಇರ್ಲಿ, ಕೋತಿಗಳು ಕವರ್ ಸದ್ದು ಕೇಳಿದ್ರೆ ಸಾಕು ಬಂದ್ಬಿಡ್ತವೆ.

ಗೈಡ್‌ನ ಖಂಡಿತ ತಗೊಳ್ಳಿ, ಆದ್ರೆ ಒಳಗೆ ಹೋಗೋ ಮುಂಚೆನೇ ಅವ್ರ ಹತ್ರ ಎರಡು ಮಾತು ಆಡಿ. ನಮ್ಮ ಮಕ್ಳು ಎಷ್ಟನೇ ಕ್ಲಾಸು, ಯಾವ ಜಾಗದಲ್ಲಿ ಜಾಸ್ತಿ ಹೊತ್ತು ನಿಲ್ಬೇಕು, ಯಾವುದನ್ನ ಬಿಟ್ರೂ ಪರ್ವಾಗಿಲ್ಲ ಅಂತ. ಐವತ್ತು ಅರವತ್ತು ಮಕ್ಳಿಗೆ ಒಬ್ರೇ ಗೈಡ್ ಅಂದ್ರೆ ಹಿಂದಿನವ್ರಿಗೆ ಒಂದಕ್ಷರ ಕೇಳ್ಸಲ್ಲ, ಎರಡು ಗುಂಪು ಮಾಡಿ ಇಬ್ರನ್ನ ಕರ್ಕೊಳ್ಳಿ, ಸಾಲಿನ ಕೊನೇಲಿ ಒಬ್ರು ಟೀಚರ್ ಇರ್ಲೇಬೇಕು.

ಬಾಗ್ಲು ದಾಟಿದ ತಕ್ಷಣ ಓಡಕ್ಕೆ ಬಿಡ್ಬೇಡಿ. ದಾರಿ ನೇರವಾಗಿಲ್ಲ, ತಿರುಗಿ ತಿರುಗಿ ಹೋಗುತ್ತೆ, ಯಾಕೆ ಹೀಗೆ ಅಂತ ಮಕ್ಳನ್ನೇ ಕೇಳಿ. ಆನೆ ಓಡಿ ಬಂದು ಬಾಗ್ಲಿಗೆ ಗುದ್ದಕ್ಕೆ ಜಾಗ ಸಿಗಬಾರ್ದು ಅನ್ನೋದು ಯಾರಾದ್ರೂ ಒಬ್ಬ ಹುಡುಗನಿಗೆ ಹೊಳೆದೇ ಹೊಳೆಯುತ್ತೆ. ಗೋಡೆ ಕಲ್ಲುಗಳನ್ನ ಹತ್ರದಿಂದ ತೋರ್ಸಿ, ಒಂದಕ್ಕೊಂದು ಕಚ್ಚಿ ಕೂತಿವೆ, ಮಧ್ಯೆ ಗಾರೆ ಕಾಣಲ್ಲ. ಪಕ್ಕದ ಬಂಡೆಗಳಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು ಕಾಣ್ತವೆ, ಕಲ್ಲು ಸೀಳಕ್ಕೆ ಆಪು ಹೊಡೆದ ಗುರುತು ಅದು, ಬೆರಳು ಇಟ್ಟು ನೋಡ್ಲಿ. ಸಿಡಿಮದ್ದು ಬೀಸ್ತಿದ್ದ ಗುಂಡೀಲಿರೋ ನಾಲ್ಕು ದೊಡ್ಡ ಬೀಸುಕಲ್ಲನ್ನೂ ತಪ್ಪಿಸ್ಬೇಡಿ.

ನನ್ನ ಪ್ರಕಾರ ಕೋಟೇಲಿ ಎಲ್ಲಕ್ಕಿಂತ ದೊಡ್ಡ ವಿಷ್ಯ ನೀರು, ಟೂರ್‌ಗಳಲ್ಲಿ ಜಾಸ್ತಿ ಬಿಟ್ಟು ಹೋಗೋದೂ ಅದೇ. ಮೇಲೆ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತೆ, ಅದು ತುಂಬಿ ಕೋಡಿ ಬಿದ್ರೆ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಶತ್ರು ತಿಂಗಳುಗಟ್ಟಲೆ ಸುತ್ತ ಮುತ್ತಿಗೆ ಹಾಕಿ ಕೂತ್ರೂ ಒಳಗಿನವ್ರು ಹೇಗೆ ತಡ್ಕೊಂಡ್ರು ಅಂತ ಮಕ್ಳಿಗೆ ಅರ್ಥ ಆಗೋದು ಈ ಹೊಂಡದ ದಡದಲ್ಲೇ, ಪಾಠದಲ್ಲಿ ಓದಿದ್ರೆ ಆಗಲ್ಲ. ದಡದಿಂದ ದೂರ ನಿಲ್ಸಿ, ಹೊಂಡ ಆಳ ಇದೆ.

ಓಬವ್ವನ ಕಿಂಡಿಗೆ ಮಕ್ಳು ಸುಸ್ತಾಗೋ ಮುಂಚೆನೇ ಹೋಗಿ. ಹೈದರಾಲಿ ಸೈನಿಕರು ಒಬ್ಬೊಬ್ರಾಗಿ ತೆವಳಿ ಬಂದ ಕಥೆ ಎಲ್ರಿಗೂ ಗೊತ್ತು, ಆದ್ರೆ ಆ ಸಂದಿ ಎಷ್ಟು ಇಕ್ಕಟ್ಟು ಅಂತ ಕಣ್ಣಾರೆ ನೋಡಿದ ಮೇಲೆ ಒನಕೆ ಹಿಡ್ಕೊಂಡು ಒಬ್ಳೇ ಹೆಂಗಸು ಅಲ್ಲಿ ಹೇಗೆ ನಿಂತ್ಲು ಅನ್ನೋದು ಬೇರೆನೇ ಥರ ಮನಸ್ಸಿಗೆ ಬರುತ್ತೆ. ಗೈಡ್ ಕಥೆ ಹೇಳೋವಾಗ ಯಾರೂ ಮೊಬೈಲ್ ಎತ್ತಬಾರ್ದು ಅಂತ ಮೊದ್ಲೇ ಹೇಳಿ, ತಣ್ಣೀರು ದೋಣಿನೂ ಅಲ್ಲೇ ಹತ್ರ ಇದೆ, ಗಂಡನ ಊಟದ ಹೊತ್ತಲ್ಲಿ ಓಬವ್ವ ನೀರು ತರಕ್ಕೆ ಬಂದ ಜಾಗ ಅದು ಅಂತಾರೆ. ಆಮೇಲೆ 1779ರಲ್ಲಿ ಕೋಟೆ ಹೈದರಾಲಿ ಕೈಗೆ ಹೋಯ್ತು, ಮದಕರಿ ನಾಯಕನನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಹಿಡ್ಕೊಂಡು ಹೋದ್ರು ಅನ್ನೋದನ್ನೂ ಹೇಳ್ಬೇಕು, ಗೆದ್ದ ಕಥೆ ಮಾತ್ರ ಹೇಳಿ ನಿಲ್ಲಿಸ್ಬೇಡಿ.

ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ದೇಶ್ವರ ದೇವಸ್ಥಾನಗಳನ್ನ ಟೈಮ್ ಇದ್ದಷ್ಟು ನೋಡಿ. ತುಪ್ಪದ ಕೊಳಕ್ಕೆ ಬಂಡೇಲಿ ಕೆತ್ತಿರೋ ಹೆಜ್ಜೆ ಇಟ್ಟು ಹತ್ಬೇಕು, ಚಿಕ್ಕ ಮಕ್ಳನ್ನ ಕೆಳಗೇ ಕೂರ್ಸಿ, ಮಳೆ ಬಂದಿದ್ರೆ ಯಾರೂ ಬೇಡ. ಇಳಿಯೋವಾಗ್ಲೇ ಜಾಸ್ತಿ ಜಾರೋದು, ಅದಕ್ಕೆ ಹೊರಡೋ ಮುಂಚೆ ಮೇಲೇನೇ ಒಂದ್ಸಲ ತಲೆ ಎಣ್ಸಿ, ಕೆಳಗೆ ಬಾಗ್ಲಲ್ಲಿ ಇನ್ನೊಂದ್ಸಲ ಎಣ್ಸಿ, ಆಮೇಲೆ ಬಸ್ ಹತ್ಸಿ.