ಎರಡು ಏಟಿನ ನಡುವೆ: ನಾವು ಮಾಡಿದ ನೆರಳುಗೊಂಬೆ ಸಿನಿಮಾ

ಒಬ್ಬ ಮನುಷ್ಯ ಗುಡ್ಡ ಅಗೆಯುತ್ತಾನೆ. ನೀರಿಲ್ಲ. ಇನ್ನೊಂದು ಕಡೆ ಅಗೆಯುತ್ತಾನೆ. ಅಲ್ಲೂ ಇಲ್ಲ. ಮನೆಯ ಮಕ್ಕಳನ್ನು ಕಟ್ಟಿಕೊಂಡು ನಾನು ಮಾಡಿದ ಅನಿಮೇಷನ್ ಕಿರುಚಿತ್ರದ ಕಥೆ ಇಷ್ಟೇ. ಮಾತಿಲ್ಲ, ಹಾಡಿಲ್ಲ.

ಕಥೆ ಹೊಳೆದದ್ದು ಅಮೈ ಮಹಾಲಿಂಗ ನಾಯ್ಕರ ಬದುಕಿನಿಂದ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಹತ್ತಿರ, ದಿನದ ಕೂಲಿ ಮುಗಿಸಿ ಬಂದು, ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದವರು ಅವರು. ಮೊದಮೊದಲ ಸುರಂಗಗಳೆಲ್ಲ ದಂಡವಾದವು. ಆದರೂ ಪಿಕ್ಕಾಸು ಕೆಳಗಿಡಲಿಲ್ಲ. ಕೊನೆಗೆ ನೀರು ಸಿಕ್ಕಿತು, ತೋಟ ಎದ್ದಿತು, 2022ರಲ್ಲಿ ಪದ್ಮಶ್ರೀ ಬಂತು. ನಮ್ಮ ಗೊಂಬೆಗೆ ಮಾತ್ರ ಹೆಸರಿಡಲಿಲ್ಲ. ಅದು ಯಾರ ಅಜ್ಜನೂ ಆಗಬಹುದು.

ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಸುರಂಗ ಹೊಸದಲ್ಲ. ಮುರಕಲ್ಲಿನ (ಜಂಬಿಟ್ಟಿಗೆ) ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಇಕ್ಕಟ್ಟು ದಾರಿ. ಒಳಗೆ ಒಸರು ಸಿಕ್ಕರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಕತ್ತಲು, ಒಂದು ದೀಪ, ಒಬ್ಬ ಮನುಷ್ಯ: ನೆರಳುಗೊಂಬೆಗೆ ಹೇಳಿ ಮಾಡಿಸಿದ ಜಾಗ.

ಕಪ್ಪು ಕಾರ್ಡ್‌ಶೀಟಿನಲ್ಲಿ ಗೊಂಬೆ ಕತ್ತರಿಸಿದೆವು. ಭುಜ, ಮೊಣಕೈ, ಸೊಂಟ, ಮಂಡಿ ಎಲ್ಲ ಬೇರೆ ಬೇರೆ ತುಂಡು, ದಾರದ ಗಂಟಿನಿಂದ ಜೋಡಿಸಿದ್ದು. ಎರಡು ಸ್ಟೂಲಿನ ಮೇಲೆ ಗಾಜು, ಅದರ ಮೇಲೆ ಬಟರ್ ಪೇಪರ್, ಕೆಳಗೆ ಎಲ್‌ಇಡಿ ಬಲ್ಬು. ಫೋನು ಮೇಲಿಂದ ನೆಟ್ಟಗೆ ಕೆಳಗೆ ನೋಡಬೇಕು. ಗೊಂಬೆಯನ್ನು ಚೂರು ಚೂರೇ ಸರಿಸುತ್ತಾ ಒಂದೊಂದು ಫೋಟೋ ತೆಗೆಯುವುದು; ಒಂದು ಫೋಟೋ ಅಂದರೆ ಒಂದು ಫ್ರೇಮು. ಸೆಕೆಂಡಿಗೆ 12 ಫೋಟೋ, ಅಂದರೆ ನಿಮಿಷಕ್ಕೆ 720. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಬೆಳಕು ಫ್ರೇಮಿನಿಂದ ಫ್ರೇಮಿಗೆ ಮಿಣಮಿಣ ಅನ್ನುತ್ತದೆ. ಕಿಟಕಿಗೆ ದಪ್ಪ ಪರದೆ ಎಳೆಯಿರಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ನೆಂಟರ ಕಾಲ್ ಬರುವುದೇ ಆ ಹೊತ್ತಿಗೆ.

ನಿಜವಾದ ತಲೆನೋವು ಇದ್ಯಾವುದೂ ಅಲ್ಲ. ಒಂದು ಏಟಿನ ಫ್ರೇಮುಗಳನ್ನು ತೆಗೆದು ಕಾಪಿ ಮಾಡುತ್ತಾ ಹೋದರೆ ಇಡೀ ಗುಡ್ಡ ಅಗೆದು ಮುಗಿಸಬಹುದು, ಅಲ್ವಾ? ಹಾಗೇ ಮಾಡಿ ಎಂದು ದೊಡ್ಡ ಹುಡುಗನ ಸಲಹೆ. ಆದರೆ ತೆರೆಯ ಮೇಲೆ ಅದು ಮೆಷಿನ್ ಥರ ಕಾಣುತ್ತದೆ. ಮೆಷಿನ್‌ಗೆ ಛಲ ಎಲ್ಲಿಂದ ಬರಬೇಕು? ನನ್ನ ಪ್ರಕಾರ ಛಲ ಕಾಣುವುದು ಎರಡು ಏಟಿನ ನಡುವಿನ ಬಿಡುವಿನಲ್ಲಿ.

ಹಾಗಾಗಿ ಆ ಬಿಡುವನ್ನೇ ಜಾಸ್ತಿ ತಿದ್ದಿದೆವು. ಮೊದಲ ಸುರಂಗದಲ್ಲಿ ಪಿಕ್ಕಾಸು ಮೇಲೇರಲು 5 ಫ್ರೇಮು, ಬೀಳಲು 2. ಏರುವುದು ನಿಧಾನ, ಬೀಳುವುದು ಗಕ್ಕನೆ. ಆಗಲೇ ಕಾಗದದ ಪಿಕ್ಕಾಸಿಗೆ ಭಾರ ಬರುವುದು. ಎರಡನೆಯದರಲ್ಲಿ ಏರಲು 8 ಫ್ರೇಮು ಬೇಕು. ತುದಿಯಲ್ಲಿ ಕೈ ಒಂದು ಕ್ಷಣ ನಿಲ್ಲುತ್ತದೆ. ಮೂರನೆಯದರಲ್ಲಿ ಅವನು ಪಿಕ್ಕಾಸಿನ ಹಿಡಿಗೆ ಹಣೆ ಒರಗಿಸಿ ಸುಮ್ನೆ ನಿಲ್ಲುತ್ತಾನೆ. ಎರಡು ಸೆಕೆಂಡು ಏನೂ ಆಗುವುದಿಲ್ಲ. ದೀಪ ಮಾತ್ರ ಅಲುಗುತ್ತದೆ. ಇಷ್ಟು ಹೊತ್ತು ನಿಂತರೆ ಜನ ಎದ್ದು ಹೋಗುತ್ತಾರೆ ಎಂದು ಮನೆಯಲ್ಲಿ ವಾದವಾಯಿತು. ನಾನು ಒಂದು ಫ್ರೇಮೂ ಕಡಿಮೆ ಮಾಡಲಿಲ್ಲ.

ಅಗೆದ ಮಣ್ಣು ಎಲ್ಲಿ ಹೋಗುತ್ತದೆ ಎಂದು ಚಿಕ್ಕವಳು ಕೇಳಿದಳು. ಒಳ್ಳೆ ಪ್ರಶ್ನೆ. ಸುರಂಗದ ಬಾಯಲ್ಲಿ ಮಣ್ಣಿನ ರಾಶಿ ಇಟ್ಟೆವು. ಪ್ರತಿ ದೃಶ್ಯದಲ್ಲೂ ಅದು ಎತ್ತರವಾಗುತ್ತದೆ, ಪಿಕ್ಕಾಸಿನ ಮೂತಿ ಸವೆದು ಗಿಡ್ಡವಾಗುತ್ತದೆ. ‘ಹಲವು ವರ್ಷಗಳ ನಂತರ’ ಎಂಬ ಅಕ್ಷರ ಬೇಕಾಗಲೇ ಇಲ್ಲ.

ನೀರಿಗೆ ಗ್ಲಿಸರಿನ್ ಬಳಸಿದೆವು. ಬಲ್ಬಿನ ಬಿಸಿಗೆ ನೀರಿನ ಹನಿ ಆರಿಹೋಗುತ್ತದೆ, ಗ್ಲಿಸರಿನ್ ಹಾಗೇ ನಿಲ್ಲುತ್ತದೆ. ಬಟರ್ ಪೇಪರಿಗೆ ಅಂಟದಂತೆ ಇನ್ನೊಂದು ತೆಳು ಗಾಜು ಇಟ್ಟು, ಡ್ರಾಪರಿನಲ್ಲಿ ಒಂದು ಹನಿ ಬಿಟ್ಟು, ಗುಂಡುಸೂಜಿಯ ತುದಿಯಿಂದ ಕೂದಲೆಳೆಯಷ್ಟು ಎಳೆಯುವುದು. ಒಂದು ಫೋಟೋ. ಮತ್ತೆ ಎಳೆಯುವುದು. ಕೆಳಗಿನ ಬೆಳಕಿಗೆ ಹನಿಯ ಅಂಚು ಕಪ್ಪಾಗಿ, ನಡುವೆ ಹೊಳೆಯುತ್ತದೆ. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದ ಶಾಟ್ ಅದು.

ಪ್ರಶಸ್ತಿ ಕೊಡುವ ದೃಶ್ಯ ಬೇಕೇ ಬೇಕು ಎಂದು ಮಕ್ಕಳ ಹಟ. ನನಗೆ ಬೇಡವಾಗಿತ್ತು. ನೀರು ಸಿಗದೇ ಹೋಗಿದ್ದರೂ ಅವನು ಅಗೆಯುತ್ತಿದ್ದ ಅಂತ ನೋಡಿದವರಿಗೆ ಅನ್ನಿಸಬೇಕು. ಚಪ್ಪಾಳೆ ತೋರಿಸಿದರೆ ಅದು ಕೆಡುತ್ತದೆ. ಕೊನೆಗೆ ರಾಜಿಯಾದೆವು. ಕಥೆ ಅಡಿಕೆ ದಂಬೆಯಲ್ಲಿ (ಅಡಿಕೆ ಮರ ಸೀಳಿ ಮಾಡಿದ ನೀರಿನ ದಾರಿ) ನೀರು ತೊಟ್ಟಿಗೆ ಬೀಳುವಲ್ಲಿಗೆ ನಿಲ್ಲುತ್ತದೆ, ನಾಯ್ಕರ ಹೆಸರು, ಪದ್ಮಶ್ರೀ ಎರಡೂ ಕೊನೆಯ ಹೆಸರುಪಟ್ಟಿಯಲ್ಲಿ ಒಂದೇ ಸಾಲಾಗಿ ಬರುತ್ತವೆ.